ಜಂಬಣ್ಣ ಕಾಲೇಜಿನ ಹಲ್ಲು ಹಿಡಿದು ನೋಡಿದ್ದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಜಂಬಣ್ಣನನ್ನೇ ಕೇಳಿದೆ. "ಹಲ್ಲಿನಿಂದ" ಎಂದ.

ತಾಳ್ಯದ ಜಂಬಣ್ಣ ಎತ್ತಿನ ದಲ್ಲಾಳಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಮೂರೂ ಕಡೆಯ ಸಂತೆಗಳಲ್ಲಿ ಅವನು ಬಂದು ನಿಲ್ಲದೆ ಒಳ್ಳೆಯ ಎತ್ತಿನ ಜೋಡಿಯೊಂದು ಮಾರಾಟವಾದದ್ದಿಲ್ಲ. ತುಟಿ ಸರಿಸಿ ಹಲ್ಲು ನೋಡುವುದು, ಬೆನ್ನ ಮೇಲೆ ಕೈಯಾಡಿಸಿ ಶುಭ ಅಶುಭ ಹೇಳುವ ಕೂದಲ ಸುಳಿ ಹುಡುಕುವುದು, ಹತ್ತು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುವುದು. ಆಮೇಲೆ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಆ ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ಮಾತು ಮುಗಿಸುವುದು. ಒತ್ತಿದ ಬೆರಳಿಗೆ ಎದುರಿನ ಬೆರಳು ಆ ಕ್ಷಣವೇ ಉತ್ತರ ಕೊಡಬೇಕು. ತಡವಾದರೆ ವ್ಯಾಪಾರ ಮುರಿದಂತೆ.

ಅವನ ಕಥೆಯಾಗಿದ್ದರೆ ಹಲ್ಲಿನಿಂದ ಶುರು ಮಾಡುವುದು ಸರಿಯೇ ಆಗುತ್ತಿತ್ತು. ಆದರೆ ಇದು ಜಂಬಣ್ಣ ತನ್ನ ಮಗನಿಗೆ ಕಾಲೇಜು ಹುಡುಕಿದ ಕಥೆ. ಇಸವಿ ೧೯೧೨. (ಆಗ ದುರ್ಗದ ಸೀಮೆಯಲ್ಲಿ ಕಾಲೇಜು ಎಲ್ಲಿತ್ತು ಸ್ವಾಮಿ ಎಂದು ಕೇಳುವ ಓದುಗರು ದಯವಿಟ್ಟು ಕೂತುಕೊಳ್ಳಿ. ನನಗೆ ತಿಳಿದಂತೆ ಇರಲಿಲ್ಲ. ಅದಕ್ಕೇ ನಾನು ಕಟ್ಟುತ್ತಿದ್ದೇನೆ. ಕಾಗದದ ಮೇಲೆ ಕಟ್ಟುವುದಕ್ಕೆ ದಿವಾನರ ಅಪ್ಪಣೆ ಬೇಕಿಲ್ಲ.)

೨

ಮಗನ ಹೆಸರು ಗಂಗಾಧರ. ವಯಸ್ಸು ಹದಿನೇಳು. ಅವನ ವಿಚಾರದಲ್ಲಿ ನೀವು ತಿಳಿಯಬೇಕಾದದ್ದು ಒಂದೇ. ಇವತ್ತು ಏನಾದರೂ ಕೇಳಿದರೆ ಅವನು ನಾಳೆ ಉತ್ತರ ಹೇಳುತ್ತಾನೆ.

ಮೂಗನಲ್ಲ, ಕಿವುಡನಲ್ಲ. ಕೇಳಿದ್ದನ್ನು ಒಳಗೆ ತೆಗೆದುಕೊಂಡು ಹೋಗುತ್ತಾನೆ, ಅಷ್ಟೆ. ಅಲ್ಲಿ ಅದನ್ನು ಏನು ಮಾಡುತ್ತಾನೋ ದೇವರಿಗೇ ಗೊತ್ತು. ಅವನ ಅವ್ವ ಮಹಾದೇವಮ್ಮನಿಗೆ ಇದು ಎಂದೂ ತೊಂದರೆ ಅನ್ನಿಸಿಲ್ಲ. ನಾಳೆಗೆ ರೊಟ್ಟಿಯೋ ಮುದ್ದೆಯೋ ಎಂದು ಅವಳು ಇವತ್ತೇ ಕೇಳಿಟ್ಟಿರುತ್ತಾಳೆ. ಮೆಟ್ರಿಕ್ಯುಲೇಷನ್ನೂ ಪಾಸಾದ, ಯಾಕೆಂದರೆ ಬರೆಯುವ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದವನು ಎದುರಿಗೆ ನಿಂತು ಬಾಯಿ ನೋಡುತ್ತಿರುವುದಿಲ್ಲ. ಆದರೂ ಊರಿನವರು ಅವನನ್ನು ಮಂದ ಎಂದೇ ಕರೆದರು.

ಜಂಬಣ್ಣನಿಗೆ ಮಾತ್ರ ಎದೆಯಲ್ಲಿ ಕೆಂಡ. ತನ್ನ ಕಾಲ ಮುಗಿದ ಮೇಲೆ ಇವನ ಗತಿಯೇನು? ಒಮ್ಮೆ ಹೊಸದುರ್ಗದ ಸಂತೆಯಲ್ಲಿ, ಕಲಿಯಲಿ ಎಂದು ವಲ್ಲಿಯ ಕೆಳಗೆ ಮಗನ ಕೈ ಇರಿಸಿದ್ದ. ಕೊಳ್ಳುವವನು ಬೆರಳು ಒತ್ತಿದ. ಗಂಗಾಧರ ಒತ್ತಲಿಲ್ಲ. ಆತ ಇನ್ನೊಮ್ಮೆ ಒತ್ತಿದ. ಗಂಗಾಧರ ಆತನ ಮುಖವನ್ನೇ ನೋಡುತ್ತ ನಿಂತ. ವಲ್ಲಿಯ ಕೆಳಗಿನಿಂದ ಕೈ ಎಳೆದುಕೊಂಡು, "ಏನಪ್ಪ, ನಿನ್ನ ಮಗ ನಿಂತಲ್ಲೇ ನಿದ್ದೆ ಮಾಡ್ತಾನೇನು?" ಎಂದು ಬೈದುಕೊಂಡು ಆತ ಹೊರಟೇ ಹೋದ. ಅವತ್ತೇ ಜಂಬಣ್ಣ ತೀರ್ಮಾನಿಸಿದ್ದು, ಈ ಹುಡುಗನಿಗೆ ದಲ್ಲಾಳಿ ಕೆಲಸ ಆಗುವುದಿಲ್ಲ, ಓದಿಯೇ ಬದುಕಬೇಕು ಎಂದು. ಅದೂ ಎಂಥ ಕಾಲೇಜು? ಸಣ್ಣದು. ಮೇಷ್ಟರಿಗೆ ಹುಡುಗರ ಮುಖ ಗೊತ್ತಿರುವಂಥದ್ದು. ಇವನ ಉತ್ತರಕ್ಕೆ ಕಾಯುವಂಥ ಒಬ್ಬನಾದರೂ ಇರುವಂಥದ್ದು.

ಮಗನಿಗೆ ಒಪ್ಪುವ ಕಾಲೇಜನ್ನು ಗುರುತಿಸುವುದು ಹೇಗೆ? ಇದಕ್ಕೂ ಅವನ ಬಳಿ ಕಸುಬಿನದೇ ಒಂದು ಪರೀಕ್ಷೆ ಇತ್ತು. ಎತ್ತು ಕೊಳ್ಳಲು ಬಂದವನ ಕೈಗೆ ಹಗ್ಗ ಕೊಟ್ಟು, "ನೀರು ಕುಡಿಸ್ಕಂಡು ಬರ್ರಿ" ಎಂದು ಕೆರೆಗೆ ಕಳಿಸುತ್ತಿದ್ದ. ಎತ್ತು ಕುಡಿಯುತ್ತ ಕುಡಿಯುತ್ತ ನಡುವೆ ತಲೆ ಎತ್ತಿ ಸುಮ್ಮನೆ ನಿಲ್ಲುತ್ತದೆ. ಕುಡಿದು ಆಯಿತೋ ಇಲ್ಲವೋ ಅದಕ್ಕೇ ಗೊತ್ತು. ಆಗ ಹಗ್ಗ ಎಳೆದವನಿಗೆ ಜಂಬಣ್ಣ ಎತ್ತು ಕೊಡಿಸುತ್ತಿರಲಿಲ್ಲ. ಕುದುರಿದ ವ್ಯಾಪಾರವನ್ನೂ ಅಲ್ಲಿಗೇ ಮುರಿಯುತ್ತಿದ್ದ.

ಹಗ್ಗ ಎಳೆಯದ ಮೇಷ್ಟರು ಬೇಕು. ಅಷ್ಟೇ ಅವನ ಹುಡುಕಾಟ.

೩

[ಹೊಡೆದು ಹಾಕಿದ್ದು] ಮಗ ಬೆಂಗಳೂರಿಗೆ ಹೊರಡುವ ದಿನ ಮಹಾದೇವಮ್ಮ ಹೊಸ್ತಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು

"ನಾನ್ಯಾಕ್ರಿ ಅಳ್ಲಿ?" ಎಂದಳು ಮಹಾದೇವಮ್ಮ, ವಾಕ್ಯ ಮುಗಿಯುವ ಮೊದಲೇ. "ನನ್ನ ಮಗ ಓದಾಕೆ ಹೊಂಟಾನೆ. ನೀವು ಬರೆಯೋರು ಹೆಂಗಸರು ಅಂದ್ರೆ ಮೊದಲು ಕಣ್ಣೀರು ತಂದು ಸುರೀತೀರಿ. ಬುತ್ತಿ ಕಟ್ಟೀನಿ ಅಂತ ಬರೀರಿ. ಶೇಂಗಾ ಚಟ್ನಿ ಇಟ್ಟೀನಿ."

ಬರೆದಿದ್ದೇನೆ.

೩ (ಮತ್ತೆ)

ಅಪ್ಪ ಮಗ ಹೊಳಲ್ಕೆರೆಗೆ ಹತ್ತಿರದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರು. ಅಲ್ಲಿನ ಕಾಲೇಜಿಗೆ ನಾನು ಹೆಸರು ಇಟ್ಟಿಲ್ಲ. ಅದೂ ನನ್ನದೇ ಕಟ್ಟಡ, ಕೊಂಚ ದೊಡ್ಡದಾಯಿತು, ಅಷ್ಟೆ. ಕಂಬಗಳನ್ನು ಬರೆಯುತ್ತ ಹೋದ ಹಾಗೆ ಕೈ ನಿಲ್ಲಲಿಲ್ಲ. ಜಂಬಣ್ಣ ಕಂಬ ನೋಡಿದ, ಜಗಲಿ ನೋಡಿದ, ಹುಡುಗರು ಕುಡಿಯುವ ನೀರಿನ ಹಂಡೆಯೊಳಗೆ ಬಗ್ಗಿ ನೋಡಿದ. ಒಬ್ಬ ಜವಾನನ ಕೈ ಹಿಡಿದು ವಲ್ಲಿ ಹೊದಿಸಿ, ಒಂದು ಕ್ಲಾಸಿಗೆ ಎಷ್ಟು ಹುಡುಗರು ಎಂದು ಬೆರಳಲ್ಲಿ ಕೇಳಿದ. ಜವಾನ ಗಾಬರಿಯಾಗಿ ಕೈ ಕಿತ್ತುಕೊಂಡು, ಬಾಯಲ್ಲೇ "ಎಂಬತ್ತು" ಎಂದ.

ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರೇ. ಹಳ್ಳಿಯ ಹುಡುಗ ಹೆದರಬಾರದೆಂದು ಸುಲಭದ ಪ್ರಶ್ನೆಯನ್ನೇ ಕೇಳಿದರು.

"ಒಂದು ಎತ್ತು ದಿನಕ್ಕೆ ಅರ್ಧ ಎಕರೆ ಉಳುತ್ತದೆ. ಹಾಗಾದರೆ ಎರಡು ಎತ್ತು ಎಷ್ಟು ಉಳುತ್ತವೆ?"

ಗಂಗಾಧರ ಮೇಜಿನ ಅಂಚು ನೋಡಿದ. ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ಎಂಬತ್ತು ಹುಡುಗರು ಬಾಗಿಲಲ್ಲೇ ನಿಂತು ನಗುತ್ತಿದ್ದಾರೆ ಎಂದು ಜಂಬಣ್ಣನಿಗೆ ಅನ್ನಿಸಿತು.

"ಒಂದೆಕರೆ, ಬುದ್ಧಿ!" ಎಂದು ಜಂಬಣ್ಣನೇ ಕೂಗಿಬಿಟ್ಟ.

"ಸರಿಯಾದ ಉತ್ತರ" ಎಂದರು ಪ್ರಿನ್ಸಿಪಾಲರು. "ಆದರೆ ಕಾಲೇಜಿಗೆ ಸೇರುವವರು ನೀವಲ್ಲವಲ್ಲ."

ಅಲ್ಲಿಗೆ ಬೆಂಗಳೂರು ಮುಗಿಯಿತು. ಅವರು ಕಾಯಲಿಲ್ಲ, ಹಗ್ಗ ಎಳೆದರು, ಎಂದು ಜಂಬಣ್ಣ ರೈಲಿನಲ್ಲಿ ಗೊಣಗಿಕೊಂಡು ಕೂತ.

ಮಾರನೆಯ ದಿನ, ಹೊಸದುರ್ಗ ರೋಡ್ ಸ್ಟೇಷನ್ನು ದಾಟಿ ರೈಲು ನಿಧಾನವಾಗಿ ಏರು ಹತ್ತುತ್ತಿತ್ತು. ಗಂಗಾಧರ ಕಿಟಕಿಯಿಂದ ಮುಖ ತಿರುಗಿಸಿ ಹೇಳಿದ:

"ಅಪ್ಪಯ್ಯ, ಒಂಟಿ ಎತ್ತು ಹೊಲ ಉಳಲ್ಲ."

"ಏನಂದೆ?"

"ನಮ್ ಕಡೆ ಒಂಟಿ ಎತ್ತು ಗಾಣ ತಿರುಗಿಸ್ತೈತೆ. ಉಳಬೇಕಂದ್ರೆ ಜೋಡಿ ಬೇಕು. ಅರ್ಧ ಎಕರೆ ಅಂಬೋದೇ ಇಲ್ಲ. ಸಾಹೇಬ್ರ ಪ್ರಶ್ನೇನೇ ತಪ್ಪು."

ಜಂಬಣ್ಣ ಹಣೆ ಬಡಿದುಕೊಂಡ. ಮೂವತ್ತು ವರ್ಷ ಎತ್ತಿನ ಬಾಯಿಗೆ ಕೈ ಹಾಕಿದವನು ತಾನು. ಒಂಟಿ ಎತ್ತಿಗೆ ನೊಗ ಕಟ್ಟಿದ್ದನ್ನು ಕನಸಿನಲ್ಲೂ ಕಂಡವನಲ್ಲ. ಒಂದೆಕರೆ ಎಂದು ಕೂಗಿದ್ದ! ತಾಳ್ಯದಲ್ಲಿ ಯಾರಾದರೂ ಕೇಳಿದ್ದರೆ ಸಾಯುವ ತನಕ ಆಡಿಕೊಳ್ಳುತ್ತಿದ್ದರು. ನಾಚಿಕೆಯಾಯಿತು, ಅದರ ಬೆನ್ನಿಗೇ ಹೇಳಲಾಗದಷ್ಟು ಸಂತೋಷವಾಯಿತು. ಬುತ್ತಿಯ ಗಂಟು ಬಿಚ್ಚಿ ಕೊನೆಯ ರೊಟ್ಟಿಯನ್ನು ಮಗನ ಕೈಗಿಟ್ಟ.

(ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಬುದ್ಧಿವಂತ ಕಥೆಗಾರ ಮುಗಿಸುತ್ತಿದ್ದ. ಆದರೆ ಹುಡುಗನಿಗೆ ಇನ್ನೂ ಕಾಲೇಜು ಸಿಕ್ಕಿಲ್ಲ, ಸೇರುವ ದಿನ ಹತ್ತಿರ ಬರುತ್ತಿದೆ. ನನಗಿಂತ ಜಂಬಣ್ಣನಿಗೆ ಅವಸರ.)

೪

"ಏನ್ರೀ ಬರೆಯೋರೇ, ಸಣ್ಣದೊಂದು ಕಟ್ರಿ ಅಂದ್ರೆ ಅರಮನೆ ಕಟ್ಟಿದ್ರಿ" ಎಂದು ಜಂಬಣ್ಣ ನನ್ನನ್ನೇ ತರಾಟೆಗೆ ತೆಗೆದುಕೊಂಡ.

ಸರಿ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಅಣೆಕಟ್ಟೆ ಕಟ್ಟಿ ಮುಗಿದು ನಾಲ್ಕೈದು ವರ್ಷವಾಗಿತ್ತು. ಕೆಲಸಕ್ಕೆ ಬಂದವರು ಬಿಟ್ಟುಹೋದ ಖಾಲಿ ಮನೆಗಳಲ್ಲಿ ಒಂದರಲ್ಲಿ ನಾನು ಕಾಲೇಜು ತೆರೆದೆ. ಇಪ್ಪತ್ತೇ ಹುಡುಗರು. ಮೆಟ್ರಿಕ್ಯುಲೇಷನ್ ಮುಗಿಸಿದವರಿಗೆ ಎಫ್.ಎ. ತರಗತಿ. ತರ್ಕ, ಚರಿತ್ರೆ, ಕನ್ನಡ, ಇಂಗ್ಲಿಷು. ಕಿಟಕಿಯಿಂದ ನೀರು ಕಾಣುತ್ತದೆ. ಬ್ರೋಷರಿನಲ್ಲಿ ಹಾಕುವುದಕ್ಕೆ ಹೇಳಿ ಮಾಡಿಸಿದ ಕಿಟಕಿ. (೧೯೧೨ರಲ್ಲಿ ಬ್ರೋಷರ್ ಇರಲಿಲ್ಲ. ಗೊತ್ತು. ಬಿಡಿ.)

ಜಂಬಣ್ಣ ಗಾಡಿ ಹೂಡಿ ಮಗನನ್ನು ಕೂರಿಸಿಕೊಂಡು ಹೋದ. ಹೋದವನು ಅಂಗಳದಲ್ಲಿ ಎತ್ತುಗಳ ಕೊರಳು ಬಿಚ್ಚಲಿಲ್ಲ. ಅದು ದಲ್ಲಾಳಿಗಳ ಪದ್ಧತಿ. ಮಾತು ಕೂಡುವ ತನಕ ಗಾಡಿ ಹೂಡಿದ್ದು ಹೂಡಿದ ಹಾಗೇ ಇರಬೇಕು. ಕೊರಳು ಬಿಚ್ಚಿದರೆ, ನಾನು ಇಲ್ಲಿ ನಿಂತೆ, ಇನ್ನು ನಿಮ್ಮಿಷ್ಟ ಎಂದು ಒಪ್ಪಿಕೊಂಡ ಹಾಗೆ.

ಅಲ್ಲಿನ ಪ್ರಿನ್ಸಿಪಾಲ್ ದೊಡ್ಡತಿಮ್ಮಪ್ಪನವರು ನಗುಮುಖದವರು. ಕುಂತ್ಕಳ್ರಿ ಎಂದು ತಾವೇ ಚಾಪೆ ಹಾಸಿದರು. ಹುಡುಗನ ವಿಚಾರ ಕೇಳಿ, "ಯೋಚ್ನೆ ಬಿಡ್ರಿ ಜಂಬಣ್ಣನೋರೇ" ಎಂದರು. "ಇಂಥೋರ್ನ ಭಾಳ ಮಂದಿ ನೋಡೀನಿ. ಆರು ತಿಂಗಳು ನನ್ ಕೈಲಿ ಬಿಡ್ರಿ. ಪಟ ಪಟ ಅಂತ ಉತ್ತರ ಹೇಳೋ ಹಂಗೆ ಮಾಡಿ ಕಳಿಸ್ತೀನಿ."

ಜಂಬಣ್ಣನಿಗೆ ಆಸೆಯಾಯಿತು. ಮುಚ್ಚಿಡುವುದೇಕೆ? ಸಂತೆಯ ನಡುವೆ ನಿಂತು ಪಟ ಪಟ ಉತ್ತರಿಸುವ ಮಗನನ್ನು ಅವನು ಕಣ್ಣ ಮುಂದೆ ಕಂಡ. ಕೈ ತಾನಾಗಿ ವಲ್ಲಿಯ ಕಡೆ ಹೋಯಿತು. ಮೂಗುದಾರ ಹಾಕಿದ ಹೋರಿಗಳನ್ನು ಅವನು ಎಷ್ಟು ನೋಡಿಲ್ಲ, ಎಲ್ಲವೂ ಕೊನೆಗೆ ನಡೆದೇ ನಡೆಯುತ್ತವೆ. ಆದರೂ ದಲ್ಲಾಳಿಯ ಬುದ್ಧಿ, ಕೊನೆಯ ಗಳಿಗೆಯಲ್ಲಿ ಒಮ್ಮೆ ಹಲ್ಲು ನೋಡೋಣ ಅನ್ನಿಸಿತು.

"ಬುದ್ಧಿ, ಒಂದು ಮಾತು. ಒಂದು ಎತ್ತು ದಿನಕ್ಕೆ ಅರ್ಧ ಎಕರೆ ಉತ್ತರೆ, ಎರಡು ಎತ್ತು ಎಷ್ಟು ಉಳ್ತವೆ?"

"ಒಂದೆಕರೆ!" ಎಂದರು ದೊಡ್ಡತಿಮ್ಮಪ್ಪ, ಪಟ್ಟನೆ.

ಜಂಬಣ್ಣ ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ಹೋಗಾಣ ನಡಿಯಪ್ಪ" ಎಂದ ಮಗನಿಗೆ.

ಗಾಡಿಯಲ್ಲಿ ನನ್ನ ಜೊತೆ ಜಗಳ. ಇಪ್ಪತ್ತು ಹುಡುಗರು, ನೀರು ಕಾಣುವ ಕಿಟಕಿ, ಇನ್ನೇನು ಬೇಕು ನಿನಗೆ, ಎಂದೆ. ಎರಡು ದಿನ ಕೂತು ಕಟ್ಟಿದ ಕಾಲೇಜು ಅದು, ನನಗೂ ಸಿಟ್ಟು ಬಂದಿತ್ತು.

"ನನ್ ಮಗ ತಿದ್ದಿಸ್ಕಳಾಕೆ ಹೋಗ್ತಿಲ್ರಿ, ಓದಾಕೆ ಹೋಗ್ತಾನೆ" ಎಂದ ಜಂಬಣ್ಣ.

ಆ ಮಾತು ಅವನಿಗೇ ಹೊಸದು.

೫

ದುರ್ಗದಿಂದ ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿ, ಬಂಡೆಗಳ ನೆರಳು ಬೀಳುವ ಕಡೆ, ಒಂದು ಹೆಂಚಿನ ಮನೆ, ನನ್ನ ಮೂರನೆಯ ಕಾಲೇಜು. ಹನ್ನೊಂದು ಹುಡುಗರು, ಇಬ್ಬರು ಮೇಷ್ಟರು, ಒಂದು ಕಪಾಟು ಪುಸ್ತಕ. ಬೋರ್ಡು ಬರೆಸುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ. ದೊಡ್ಡ ಮೇಷ್ಟರು ಮೂಡಲಗಿರಿಯಪ್ಪ, ಐವತ್ತರ ಆಸುಪಾಸು, ಎಡಗಣ್ಣಿಗೆ ಪೊರೆ. ಜಂಬಣ್ಣ ಮಗನೊಡನೆ ಬಂದಾಗ ಅವರು ಜಗಲಿಯ ಮೇಲೆ ಕೂತು ಹರಿದ ನಕ್ಷೆಯೊಂದಕ್ಕೆ ಅಂಟು ಹಚ್ಚುತ್ತಿದ್ದರು.

ಗಾಡಿ ಹೂಡಿದ್ದಂತೆಯೇ ಬಿಟ್ಟು ಜಂಬಣ್ಣ ಕೆಳಗಿಳಿದ. ಈ ಸಲ ನೀರಿನ ಹಂಡೆ ನೋಡಲಿಲ್ಲ, ಕಂಬ ನೋಡಲಿಲ್ಲ. ನೇರ ಹೋಗಿ ಎತ್ತಿನ ಪ್ರಶ್ನೆ ಎಸೆದ.

[ಹೊಡೆದು ಹಾಕಿದ್ದು] ಮೂಡಲಗಿರಿಯಪ್ಪನವರು ನಕ್ಕು, "ಒಂಟಿ ಎತ್ತಿಗೆ ನೊಗ ಹೆಂಗೆ ಕಟ್ತೀರಿ?" ಎಂದರು. ಜಂಬಣ್ಣ ಅವರ ಕಾಲಿಗೆ ಬಿದ್ದ.

ಇದು ತೀರಾ ಸಲೀಸಾಯಿತು. ಬರೆದು ಎರಡು ದಿನ ಖುಷಿಪಟ್ಟು ಹೊಡೆದು ಹಾಕಿದೆ. ನಿಜವಾಗಿ ಹೀಗೆ ನಡೆಯಿತು:

ಮೂಡಲಗಿರಿಯಪ್ಪ ಅಂಟಿನ ಬೆರಳು ಒರೆಸಿಕೊಂಡರು. ಯೋಚಿಸಿದರು. "ನಾನು ಪೇಟೇಲಿ ಬೆಳೆದೋನಪ್ಪ. ಎತ್ತು ಕಟ್ಟಿದೋನಲ್ಲ. ನಂಗೆ ಗೊತ್ತಿಲ್ಲ" ಎಂದರು.

ಗೊತ್ತಿಲ್ಲ ಎಂದ ಮೇಷ್ಟರನ್ನು ಜಂಬಣ್ಣ ಹಿಂದೆಂದೂ ಕಂಡಿರಲಿಲ್ಲ. ಇದು ಒಳ್ಳೆಯ ಸುಳಿಯೋ ಕೆಟ್ಟ ಸುಳಿಯೋ ತಿಳಿಯದೆ ನಿಂತ.

ಅವರು ಅವನನ್ನು ಬಿಟ್ಟು ಹುಡುಗನ ಕಡೆ ತಿರುಗಿದರು. ಜಗಲಿಯ ಮೇಲೆ ಜಾಗ ಮಾಡಿಕೊಟ್ಟು ಕೂರಿಸಿಕೊಂಡರು.

"ನಿನಗೆ ಈ ಜಾಗ ಒಪ್ಪಿಗೆಯೇನಪ್ಪ?"

ಗಂಗಾಧರ ನಕ್ಷೆ ನೋಡಿದ. ಒಳಗೆ ಓದುತ್ತಿದ್ದ ಹುಡುಗರ ಕಡೆ ನೋಡಿದ.

"ಒಪ್ಪಿಗೆ ಐತೆ ಬುದ್ಧಿ!" ಎಂದ ಜಂಬಣ್ಣ. "ಇಂಥ ಸಣ್ಣ ಕಾಲೇಜೇ ಬೇಕಾಗಿತ್ತು. ಅವನಿಗೆ ಚರಿತ್ರೆ ಅಂದ್ರೆ ಪ್ರಾಣ. ತಿಂಗಳಿಗೊಂದ್ಸಲ ಬುತ್ತಿ ತರ್ತೀನಿ, ಊಟದ್ದೇನೂ..."

"ನಾನು ಅವನ್ನ ಕೇಳಿದ್ದು" ಎಂದರು ಮೂಡಲಗಿರಿಯಪ್ಪ. ದನಿಯಲ್ಲಿ ಗದರಿಕೆ ಇರಲಿಲ್ಲ.

ಜಂಬಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಚರಿತ್ರೆ ಅಂದರೆ ಪ್ರಾಣ ಎಂದನಲ್ಲ, ಯಾವಾಗ ಕೇಳಿದ್ದ ಮಗನನ್ನು? ಕ್ಷೌರದವನು ಆರೋಗ್ಯವೇನಪ್ಪ ಎಂದರೆ ಹೇಳಿದ್ದು ಜಂಬಣ್ಣ. ಮಠದ ಅಯ್ಯನವರು ಹೆಸರು ಕೇಳಿದರೆ ಹೇಳಿದ್ದು ಜಂಬಣ್ಣ. ಕಾಲೇಜಿಗೆ ಹೋಗುತ್ತಾನೆ ಎಂದದ್ದೂ ಜಂಬಣ್ಣನೇ. ಹುಡುಗ ತಲೆ ಎತ್ತಿ ನಿಂತಾಗಲೆಲ್ಲ, ಕುಡಿದು ಆಯಿತೋ ಇಲ್ಲವೋ ಎಂದು ನೋಡದೆ, ಹಗ್ಗ ಎಳೆದವನು ಯಾರು? ಹದಿನೇಳು ವರ್ಷ. ಇಂಥವನು ಎತ್ತು ಕೊಳ್ಳಲು ಬಂದಿದ್ದರೆ ಜಂಬಣ್ಣ ಕೆರೆಯ ಏರಿಯಿಂದಲೇ ವಾಪಸ್ಸು ಕಳಿಸುತ್ತಿದ್ದ.

ಅವನಿಗೆ ಅಳು ಬಂತು. ಅತ್ತರೆ ಅದೂ ಮಗನ ಪರವಾಗಿ ಉತ್ತರ ಹೇಳಿದಂತಾದೀತು ಎಂದು ವಲ್ಲಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ಜಗಲಿಯ ಕೆಳಗೆ ಕೂತ.

೬

ಓದುಗರೇ, ಈಗ ಮಧ್ಯಾಹ್ನ ಮೂರು ಗಂಟೆ. ಮೂವರೂ ಕೂತಿದ್ದಾರೆ. ಹುಡುಗ ಬಾಯಿ ಬಿಟ್ಟಿಲ್ಲ.

ನನ್ನ ಹತ್ತಿರ ಮುಕ್ತಾಯಗಳು ಬೇಕಾದಷ್ಟಿವೆ. ಮೊದಲನೆಯದು: ಒಪ್ಪಿಗೆ ಎನ್ನುತ್ತಾನೆ, ಮುಂದೆ ದೊಡ್ಡ ವಿದ್ವಾಂಸನಾಗುತ್ತಾನೆ, ಚಂದ್ರವಳ್ಳಿಯ ಮಣ್ಣು ಕೆದಕಿ ಹಳೆಯ ನಾಣ್ಯ ಎತ್ತುತ್ತಾನೆ. ಇನ್ನೊಂದು: ಬೇಡ ಎನ್ನುತ್ತಾನೆ. ಎತ್ತಿನ ಸಂತೆಗೇ ಮರಳಿ, ಯಾರ ಅವಸರಕ್ಕೂ ಬಗ್ಗದ ದಲ್ಲಾಳಿಯಾಗಿ ಹೆಸರು ಮಾಡುತ್ತಾನೆ. ಇದು ನನ್ನ ಹೆಂಡತಿಗೆ ಇಷ್ಟವಾಯಿತು. ಮೂರನೆಯದರಲ್ಲಿ ಅವನು ಹೇಳುವುದು ತಡವಾಗಿ, ಸೇರುವ ದಿನ ಕಳೆದುಹೋಗುತ್ತದೆ. ಸಂಪಾದಕರು ಫೋನಿನಲ್ಲಿ ಯಾವುದಾದರೂ ಒಂದನ್ನು ಇಟ್ಟು ಮುಗಿಸಿ ಸಾರ್ ಎಂದರು.

ಯಾವುದನ್ನು ಇಟ್ಟರೂ ಹಗ್ಗ ಎಳೆದವನು ನಾನೇ ಆಗುತ್ತೇನೆ.

ಇನ್ನೊಂದು ವಿಷಯ ಹೇಳದೆ ಮುಚ್ಚಿಟ್ಟಿದ್ದೆ. ಕಳೆದ ವರ್ಷ ನಾನೂ ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಏಳು ಕಾಲೇಜು ಸುತ್ತಿದೆ. ಲಿಬರಲ್ ಆರ್ಟ್ಸ್, ಸಣ್ಣ ಕ್ಯಾಂಪಸ್ಸು, ಒಬ್ಬ ಮೇಷ್ಟರಿಗೆ ಎಂಟು ಮಕ್ಕಳು, ಕಿಟಕಿಯಿಂದ ಕೆರೆ. ನಿನ್ನ ಆಸಕ್ತಿ ಏನಮ್ಮ ಎಂದು ಏಳೂ ಕಡೆ ಕೇಳಿದರು. ಏಳೂ ಕಡೆ ಹೇಳಿದ್ದು ನಾನು. ಚೆನ್ನಾಗಿ ಹೇಳಿದೆ ಎಂದು ವಾಪಸ್ಸು ಬರುವಾಗ ಹೆಮ್ಮೆಯನ್ನೂ ಪಟ್ಟೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೀಗೆಂದು ನೇರವಾಗಿ ಬರೆಯಲು ಧೈರ್ಯ ಸಾಲದೆ, ನೂರು ವರ್ಷ ಹಿಂದೆ ಹೋಗಿ, ಪಾಪ, ಜಂಬಣ್ಣನ ಹೆಗಲಿಗೆ ಹೊರಿಸಿದೆ.

ನಿನ್ನೆ ಅವಳ ಕೋಣೆಗೆ ಹೋಗಿ ಕೇಳಿದೆ. ಏಳರಲ್ಲಿ ನಾನು ಆರಿಸಿದ ಜಾಗ ನಿನಗೆ ಒಪ್ಪಿಗೆಯಾ ಎಂದು. ಅವಳು ನನ್ನನ್ನು ಒಂದು ಥರ ನೋಡಿದಳು. ಇನ್ನೂ ಏನೂ ಹೇಳಿಲ್ಲ. ನಾನೂ ಮತ್ತೆ ಕೇಳಿಲ್ಲ, ಬಾಗಿಲ ಮುಂದೆ ನಾಲ್ಕು ಸಲ ಓಡಾಡಿದ್ದು ಬಿಟ್ಟರೆ.

೭

"ಲೇ ಗಂಗಾಧರ..." ಎಂದು ಜಂಬಣ್ಣ ಬಾಯಿಂದ ವಲ್ಲಿ ತೆಗೆದ. ಮಗ ತಿರುಗಿ ನೋಡಿದ. ಜಂಬಣ್ಣ ವಲ್ಲಿಯನ್ನು ಮತ್ತೆ ಬಾಯಿಗಿಟ್ಟುಕೊಂಡ.

ಮೂಡಲಗಿರಿಯಪ್ಪ ನಕ್ಷೆಯ ಇನ್ನೊಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು, ಅಂಟು ಒಣಗುವ ತನಕ ಹಿಡಿದಿರಲು ಹೇಳಿದರು. ಹುಡುಗ ಹಿಡಿದುಕೊಂಡ.

"ಬರೆಯೋರೇ" ಎಂದ ಜಂಬಣ್ಣ ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ. "ಅವನು ಏನಂತಾನೆ, ನಿಮಗೆ ಗೊತ್ತೇನ್ರಿ?"

"ನಂಗೆ ಗೊತ್ತಿಲ್ಲ" ಎಂದೆ.

"ಬ್ಯಾಡ ಅಂದ್ರೆ?"

ಜಂಬಣ್ಣ ನನ್ನನ್ನೇ ನೋಡಿದ, ಎತ್ತಿನ ಹಲ್ಲು ನೋಡುವ ಹಾಗೆ. ಆಮೇಲೆ ಎದ್ದ. ಅಂಗಳಕ್ಕೆ ಹೋಗಿ ಗಾಡಿಯ ಮುಂದೆ ನಿಂತು, ಎಡದ ಎತ್ತಿನ ಕೊರಳು ಬಿಚ್ಚಿದ, ಬಲದ ಎತ್ತಿನ ಕೊರಳು ಬಿಚ್ಚಿದ, ನೊಗವನ್ನು ನೆಲಕ್ಕೆ ಇಳಿಸಿದ.